ಹೃದಯದ ತೂಬು ತೆರೆದ ಡಾಕ್ಟರ್ ಮಾರೋ

ಇಪ್ಪತ್ತು ವರ್ಷಗಳಿಂದ ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿಕೊಂಡು ಬಂದಿರುವ ನನಗೂ ಅಮೆರಿಕದ ಒಬ್ಬ ಶಸ್ತ್ರವೈದ್ಯರ ಬಾಳಿಗೂ ಏನು ಸಂಬಂಧವೆಂದು ವಾಚಕರು ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ಕೇಶಿರಾಜನ ಸೂತ್ರಗಳನ್ನು ಬಿಡಿಸಿ ಹೇಳುವುದು, ಷಟ್ಪದಿಯ ಮಾತ್ರೆಗಳನ್ನು ಎಣಿಸಿ ತೋರಿಸುವುದು, ಪರೀಕ್ಷೆಯ ಕಾಲ ಬಂದರೆ ಉತ್ತರಪತ್ರಿಕೆಗಳ ರಾಶಿಯ ನಡುವೆ ಕುಳಿತುಕೊಳ್ಳುವುದು, ಇಷ್ಟರಲ್ಲಿ ನನ್ನ ಪ್ರಪಂಚ ಮುಗಿಯುತ್ತದೆ. ಆದರೆ 2021ನೆಯ ಇಸವಿಯಲ್ಲಿ ನಮ್ಮ ಮನೆಯಲ್ಲಿ ನಡೆದ ಒಂದು ಪ್ರಸಂಗ ನನ್ನನ್ನು ಆ ಪ್ರಪಂಚದಿಂದ ಹೊರಕ್ಕೆಳೆದು ಡಾಕ್ಟರ್ ಆಂಡ್ರೂ ಗ್ಲೆನ್ ಮಾರೋ ಎಂಬವರ ಬಳಿಗೆ ಕರೆದೊಯ್ದಿತು. ಹೃದಯದ ಶಸ್ತ್ರಚಿಕಿತ್ಸೆಯನ್ನು ಕಲಿಸುವ ಕಡೆಗಳಲ್ಲೆಲ್ಲ ಪರಿಚಿತವಾದ ಹೆಸರು ಅದು. ಅವರು ರೂಪಿಸಿದ ಒಂದು ಶಸ್ತ್ರಕ್ರಿಯೆಯನ್ನು ಇಂದಿಗೂ ಅವರ ಹೆಸರಿನಿಂದಲೇ ಕರೆಯುತ್ತಾರೆ. ಅವರು ಕಾಲವಾಗಿ ನಲವತ್ತು ವರ್ಷಗಳ ಮೇಲಾಯಿತು. ಅಕ್ಕನ ಎದೆಯಲ್ಲಿ ನಡೆದದ್ದೇನು ಎಂದು ಅರಿಯಲು ಹೊರಟವನಿಗೆ ಅವರ ಬಾಳನ್ನು ಓದದೆ ದಾರಿಯಿರಲಿಲ್ಲ.

ನನ್ನ ಅಕ್ಕನನ್ನು ತೀರ್ಥಹಳ್ಳಿಯ ಕಡೆಯ ಅಡಿಕೆ ತೋಟದ ಮನೆಗೆ ಕೊಟ್ಟಿದೆ. ಮನೆ ಎತ್ತರದಲ್ಲಿ, ತೋಟ ಇಳಿಜಾರಿನ ಕೆಳಗೆ. ಮೂವತ್ತು ವರ್ಷ ದಿನಕ್ಕೆ ನಾಲ್ಕು ಸಲ ಆ ಏರನ್ನು ಹತ್ತಿ ಇಳಿದವಳು ಕ್ರಮೇಣ ನಡುದಾರಿಯಲ್ಲಿ ನಿಂತು ಉಸಿರು ತೆಗೆದುಕೊಳ್ಳತೊಡಗಿದಳು. ಒಂದು ದಿನ ಹುಲ್ಲಿನ ಹೊರೆಯೊಡನೆ ಪ್ರಜ್ಞೆ ತಪ್ಪಿ ಬಿದ್ದಳು. ಪರೀಕ್ಷೆಯಾದಾಗ ತಿಳಿದದ್ದು, ಅವಳ ಹೃದಯದ ಎರಡು ಹೃತ್ಕುಕ್ಷಿಗಳ ನಡುವಣ ಗೋಡೆ ಅತಿಯಾಗಿ ದಪ್ಪವಾಗಿದೆ, ನೆತ್ತರು ಹೊರಹೋಗುವ ದಾರಿಗೆ ಅದು ಅಡ್ಡ ಬಂದಿದೆ ಎಂದು. ಔಷಧಗಳಿಂದ ಗುಣ ಕಾಣದಿರಲು, ಬೆಂಗಳೂರಿನಲ್ಲಿ ಶಸ್ತ್ರಚಿಕಿತ್ಸೆ ಮಾಡಿಸುವುದೆಂದು ನಿಶ್ಚಯವಾಯಿತು. ಹಿಂದಿನ ರಾತ್ರಿ ಆಸ್ಪತ್ರೆಯವರು ಇಂಗ್ಲಿಷಿನಲ್ಲಿ ಅಚ್ಚಾದ ಕೆಲವು ಹಾಳೆಗಳನ್ನು ಕೊಟ್ಟರು. ಭಾವನವರು ಅವನ್ನು ನನ್ನ ಕೈಗಿತ್ತರು. ಮನೆಯಲ್ಲಿ ಓದಿದವನು ನಾನೊಬ್ಬನೇ ತಾನೆ! ನಾನು ಹಾಳೆಗಳನ್ನು ಮಗುಚಿ ಹಾಕಿ, ಎಲ್ಲ ಸರಿಯಾಗಿದೆಯೆಂದು ಹೇಳಿ, ಅವರ ಸಹಿಯ ಕೆಳಗೆ ಸಾಕ್ಷಿಯ ಸಹಿ ಹಾಕಿದೆ.

ಶಸ್ತ್ರಚಿಕಿತ್ಸೆ ಸಫಲವಾಯಿತು. ತೂಬು ತೆರೆಯಿತು. ಆದರೆ ಹೃದಯ ತನ್ನ ಲಯವನ್ನು ಕಳೆದುಕೊಂಡಿತು. ನಾಡಿ ಮೂವತ್ತರ ಆಸುಪಾಸಿಗೆ ಇಳಿದು ಅಲ್ಲಿಯೇ ನಿಂತಿತು. ತಾತ್ಕಾಲಿಕ ತಂತಿಗಳ ಆಸರೆಯಲ್ಲಿ ಒಂದು ವಾರ ಕಾದು ನೋಡಿದರು, ಲಯ ಮರಳಲಿಲ್ಲ. ಕೊನೆಗೆ ಕೊರಳೆಲುಬಿನ ಕೆಳಗೆ ಪೇಸ್‌ಮೇಕರ್ ಇಡಬೇಕಾಯಿತು. ಶಸ್ತ್ರವೈದ್ಯರ ಕೈ ಜಾರಿತೆಂದು ಭಾವನವರು ತಿಳಿದರು. ನಾನು ಅದನ್ನು ಇನ್ನಷ್ಟು ದೊಡ್ಡ ದನಿಯಲ್ಲಿ ಹೇಳಿದೆ. ಊರಿಗೆ ಮರಳಿದ ಮೇಲೆ, ದೂರು ಬರೆಯುವ ಉದ್ದೇಶದಿಂದ ಆ ಹಾಳೆಗಳನ್ನು ಹೊರತೆಗೆದು ಮೊದಲ ಬಾರಿಗೆ ಓದಿದೆ. ಎರಡನೆಯ ಹಾಳೆಯಲ್ಲಿ, ಅಕ್ಕನ ವಿದ್ಯುಲ್ಲೇಖದಲ್ಲಿ ಬಲಗಡೆಯ ಕವಲು ಮೊದಲೇ ಕೆಟ್ಟಿರುವುದರಿಂದ ಶಸ್ತ್ರಕ್ರಿಯೆಯ ಅನಂತರ ಪೇಸ್‌ಮೇಕರ್ ಬೇಕಾಗುವ ಸಂಭವ ಹೆಚ್ಚೆಂದು ಸ್ಪಷ್ಟವಾಗಿ ಬರೆದಿತ್ತು. ಕೆಳಗೆ ನನ್ನ ಸಹಿಯಿತ್ತು. ದೂರು ಅಲ್ಲಿಗೇ ನಿಂತಿತು. ಬಲಗಡೆಯ ಕವಲೆಂದರೇನು, ಗೋಡೆಯನ್ನು ಕೆತ್ತಿದರೆ ಲಯವೇಕೆ ಕೆಡಬೇಕು ಎಂದು ಹುಡುಕುತ್ತ ಹೋದಾಗ ಸಿಕ್ಕವರು ಮಾರೋ.

ಅವರು ಹುಟ್ಟಿದ್ದು 1922ರಲ್ಲಿ, ಅಮೆರಿಕದ ಇಂಡಿಯಾನಾ ಸಂಸ್ಥಾನದಲ್ಲಿ. ವೈದ್ಯಶಿಕ್ಷಣ ಪಡೆದದ್ದು ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್ಕಿನ್ಸ್ ವಿದ್ಯಾಪೀಠದಲ್ಲಿ. 1946ರಲ್ಲಿ ಅಲ್ಲಿಂದ ಪದವೀಧರರಾದರು. ಹೃದಯದ ಶಸ್ತ್ರಚಿಕಿತ್ಸೆ ಕಣ್ತೆರೆಯುತ್ತಿದ್ದ ಕಾಲ ಅದು. 1944ರ ನವೆಂಬರಿನಲ್ಲಿ ಅದೇ ವಿದ್ಯಾಪೀಠದ ಆಸ್ಪತ್ರೆಯಲ್ಲಿ ಆಲ್ಫ್ರೆಡ್ ಬ್ಲೇಲಾಕ್ ಅವರು, ಹುಟ್ಟಿನಿಂದಲೇ ನೀಲಿಗಟ್ಟಿದ್ದ ಒಂದು ಹಸುಳೆಯ ರಕ್ತನಾಳವನ್ನು ಪುಪ್ಪುಸದ ಕಡೆಗೆ ತಿರುಗಿಸಿ ಹೊಲಿದು ಹೊಸ ಯುಗವೊಂದನ್ನು ಆರಂಭಿಸಿದ್ದರು. ಹೃದಯವೆಂದರೆ ಶಸ್ತ್ರ ಮುಟ್ಟಬಾರದ ಗರ್ಭಗುಡಿ ಎಂಬ ಹಳೆಯ ಭಾವನೆ ಅಲ್ಲಿ ಕರಗುತ್ತಿತ್ತು. ತರುಣ ಮಾರೋ ಶಸ್ತ್ರವಿದ್ಯೆಯ ಅಭ್ಯಾಸವನ್ನು ಮಾಡಿದ್ದು ಈ ಬ್ಲೇಲಾಕ್ ಅವರ ಶಾಲೆಯಲ್ಲಿಯೇ.

1953ರಲ್ಲಿ ಅವರಿಗೆ ಅಮೆರಿಕ ಸರ್ಕಾರದಿಂದ ಕರೆ ಬಂತು. ವಾಷಿಂಗ್ಟನ್ ನಗರಕ್ಕೆ ಹತ್ತಿರದ ಬೆಥೆಸ್ಡಾ ಎಂಬಲ್ಲಿ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳ ದೊಡ್ಡ ಸಂಶೋಧನಾ ಆಸ್ಪತ್ರೆ ಆಗತಾನೆ ತೆರೆದಿತ್ತು. ಅಲ್ಲಿನ ರಾಷ್ಟ್ರೀಯ ಹೃದಯ ಸಂಸ್ಥೆಯ ಶಸ್ತ್ರಚಿಕಿತ್ಸಾ ವಿಭಾಗಕ್ಕೆ ಮುಖ್ಯಸ್ಥರಾಗಿ ನೇಮಕವಾದಾಗ ಮಾರೋ ಅವರಿಗೆ ಮೂವತ್ತರ ಪ್ರಾಯ. ಫಿಲಡೆಲ್ಫಿಯಾದಲ್ಲಿ ಜಾನ್ ಗಿಬ್ಬನ್ ಅವರು ಹೃದಯ ಮತ್ತು ಪುಪ್ಪುಸಗಳ ಕೆಲಸವನ್ನು ಯಂತ್ರಕ್ಕೆ ವಹಿಸಿ, ತೆರೆದ ಹೃದಯದೊಳಗೆ ಶಸ್ತ್ರ ನಡೆಸಿ ಗೆದ್ದದ್ದೂ ಆ ವರ್ಷದ ಮೇ ತಿಂಗಳಲ್ಲಿಯೇ. ಬೆಥೆಸ್ಡಾದ ಆಸ್ಪತ್ರೆ ಸಾಮಾನ್ಯ ಆಸ್ಪತ್ರೆಯಂತಿರಲಿಲ್ಲ. ಅಲ್ಲಿಗೆ ಸೇರಿಸಿಕೊಳ್ಳುತ್ತಿದ್ದುದು ಅಧ್ಯಯನಕ್ಕೆ ಒಪ್ಪಿ ಬಂದ ರೋಗಿಗಳನ್ನು. ಶಸ್ತ್ರಕ್ರಿಯೆಯ ಮೊದಲು ಹೃದಯದ ಒಳಗಿನ ಒತ್ತಡವನ್ನು ಅಳೆಯುವುದು, ಶಸ್ತ್ರಕ್ರಿಯೆಯಾಗಿ ತಿಂಗಳುಗಳ ಮೇಲೆ ಅದೇ ರೋಗಿಯನ್ನು ಮತ್ತೆ ಕರೆಸಿ ಅಳೆಯುವುದು, ಬಂದ ಫಲವನ್ನು ಲಾಭನಷ್ಟ ಸಹಿತ ಪ್ರಕಟಿಸುವುದು, ಇದು ಅಲ್ಲಿನ ಪದ್ಧತಿ. ಮಾರೋ ಈ ಪದ್ಧತಿಯನ್ನು ತಮ್ಮ ಜೀವನದ ಕ್ರಮವನ್ನಾಗಿಯೇ ಮಾಡಿಕೊಂಡರು.

ಅವರ ವಿಭಾಗದಲ್ಲಿ ತರಬೇತಿ ಪಡೆದವರಲ್ಲಿ ನೀನಾ ಬ್ರೌನ್ವಾಲ್ಡ್ ಎಂಬ ಮಹಿಳೆಯೊಬ್ಬರಿದ್ದರು. ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿ ಹೆಂಗಸರನ್ನು ದಾದಿಯರಾಗಿ ಮಾತ್ರ ಕಾಣುತ್ತಿದ್ದ ದಿನಗಳವು. 1960ರ ಮಾರ್ಚ್ ತಿಂಗಳಲ್ಲಿ ಈ ಮಹಿಳೆ ತಾವೇ ರೂಪಿಸಿದ ಕೃತಕ ಕವಾಟವನ್ನು ರೋಗಿಯೊಬ್ಬರ ಎಡಹೃದಯದ ಒಳದ್ವಾರದಲ್ಲಿ ಕೂಡಿಸಿ ಯಶಸ್ವಿಯಾದರು. ಆ ದಿನ ವಿಭಾಗದ ಮುಖ್ಯಸ್ಥರಾದ ಮಾರೋ ಸಹಾಯಕರ ಸ್ಥಾನದಲ್ಲಿ ನಿಂತಿದ್ದರು. ಗುರುವಾದವನು ಶಿಷ್ಯೆಯ ಎದುರಿಗೆ ಸಹಾಯಕನಾಗಿ ನಿಲ್ಲುವುದು ಎಷ್ಟು ಅಪರೂಪವೆಂಬುದನ್ನು ಅಧ್ಯಾಪಕ ವೃತ್ತಿಯಲ್ಲಿರುವ ನಾನು ಬಲ್ಲೆ.

ನೀನಾ ಅವರ ಪತಿ ಯೂಜೀನ್ ಬ್ರೌನ್ವಾಲ್ಡ್ ಅದೇ ಸಂಸ್ಥೆಯ ಹೃದಯತಜ್ಞರು. ತೆಳ್ಳನೆಯ ನಳಿಕೆಯನ್ನು ರಕ್ತನಾಳದ ಮೂಲಕ ಹೃದಯಕ್ಕೆ ತೂರಿಸಿ ಒತ್ತಡವನ್ನು ಅಳೆಯುವುದು ಅವರ ವಿದ್ಯೆ. ಮಾರೋ ಮತ್ತು ಇವರ ಜೋಡಿಯ ಮುಂದೆ 1958ರ ಸುಮಾರಿಗೆ ವಿಚಿತ್ರವಾದ ಒಂದು ಸಮಸ್ಯೆ ಬಂದು ನಿಂತಿತು. ರೋಗಿಯೊಬ್ಬನ ಎಡ ಹೃತ್ಕುಕ್ಷಿಯಲ್ಲಿ ಒತ್ತಡ ಬಹಳ ಹೆಚ್ಚಾಗಿದೆ. ಅದರಿಂದ ಹೊರಡುವ ಮಹಾಪಧಮನಿಯಲ್ಲಿ ಕಡಮೆಯಾಗಿದೆ. ಎಂದ ಮೇಲೆ ನಡುವೆ ಎಲ್ಲಿಯೋ ದಾರಿ ಕಟ್ಟಿರಬೇಕು. ಕವಾಟದ ಕೆಳಗೆ ಪೊರೆಯೊಂದು ಬೆಳೆದಿರಬೇಕೆಂದು ಊಹಿಸಿ ಮಾರೋ ಎದೆಯನ್ನು ತೆರೆದರು. ಹೃದಯವನ್ನು ನಿಲ್ಲಿಸಿ ಒಳಗೆ ನೋಡಿದರು. ಪೊರೆಯಿಲ್ಲ. ಬೆರಳು ಹಾಕಿದರು, ಬೆರಳು ಸಲೀಸಾಗಿ ಹೋಯಿತು. ಅಳತೆ ಮಾಡಿದ ಗೆಳೆಯನನ್ನು ಶಸ್ತ್ರಚಿಕಿತ್ಸೆಯ ಕೋಣೆಗೇ ಕರೆಸಿದರು. ಇಲ್ಲದ ತಡೆಯನ್ನು ಇದೆಯೆಂದು ಹೇಳಿದ ತಪ್ಪು ಯಾರದು? ಇಬ್ಬರ ಸ್ನೇಹಕ್ಕೂ ಕೀರ್ತಿಗೂ ಅದೊಂದು ಕಠಿನ ಗಳಿಗೆ.

ಒಬ್ಬರು ಮತ್ತೊಬ್ಬರ ಮೇಲೆ ತಪ್ಪನ್ನು ಹೊರಿಸಿ ಕೈತೊಳೆದುಕೊಂಡಿದ್ದರೆ ಈ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಇಂಥದೇ ಇನ್ನೊಬ್ಬ ರೋಗಿ ಬಂದಾಗ ಅವರಿಗೆ ವಿಷಯ ಹೊಳೆಯಿತು. ತಡೆ ಇದ್ದುದು ನಿಜ. ಆದರೆ ಅದು ಮಿಡಿಯುವ ಹೃದಯದಲ್ಲಿ ಮಾತ್ರ ಉಂಟು, ನಿಂತ ಹೃದಯದಲ್ಲಿಲ್ಲ. ನಡುಗೋಡೆಯ ಮೇಲ್ಭಾಗ ಸಾಮಾನ್ಯವಾಗಿ ಒಂದು ಸೆಂಟಿಮೀಟರಿನಷ್ಟು ದಪ್ಪವಿರುತ್ತದೆ. ಈ ರೋಗಿಗಳಲ್ಲಿ ಅದು ಎರಡು ಸೆಂಟಿಮೀಟರಿನಷ್ಟು, ಕೆಲವೊಮ್ಮೆ ಇನ್ನೂ ಹೆಚ್ಚು ದಪ್ಪವಾಗಿ ಹೊರದಾರಿಯೊಳಕ್ಕೆ ಉಬ್ಬಿಕೊಂಡಿರುತ್ತದೆ. ಹೃದಯ ಸಂಕೋಚಗೊಂಡಾಗ ದಾರಿ ಕಿರಿದಾಗುವುದಲ್ಲದೆ, ಎಡಹೃದಯದ ಒಳದ್ವಾರದ ಕವಾಟದ ಒಂದು ದಳವೂ ಸೆಳೆಯಲ್ಪಟ್ಟು ಆ ಉಬ್ಬಿಗೆ ತಾಗುತ್ತದೆ. ಇದನ್ನು ನಮ್ಮ ಕೆರೆಯ ತೂಬಿಗೆ ಹೋಲಿಸಬಹುದು. ನೀರು ರಭಸದಿಂದ ನುಗ್ಗುವಾಗ ಮಾತ್ರ ತೇಲಿ ಬಂದು ಬಾಯಿಗೆ ಅಡ್ಡ ಕೂಡುವ ಹಲಗೆ, ನೀರು ನಿಂತೊಡನೆ ಬದಿಗೆ ಸರಿದುಬಿಟ್ಟರೆ, ಬರಿದಾದ ಕೆರೆಯಲ್ಲಿ ಇಳಿದು ನೋಡಿದವನಿಗೆ ಏನು ಕಂಡೀತು? ಮಾರೋ ಮತ್ತು ಬ್ರೌನ್ವಾಲ್ಡ್ 1959ರಲ್ಲಿ ಈ ಸಂಗತಿಯನ್ನು ಪ್ರಕಟಿಸಿದರು. ಹುಡುಕಿದ ತಡೆ ಸಿಗಲಿಲ್ಲವೆಂಬುದನ್ನೂ ಅದರಲ್ಲಿ ಮರೆಮಾಚಲಿಲ್ಲ.

ಅದೇ ಸಮಯದಲ್ಲಿ ಲಂಡನ್ನಿನಲ್ಲಿಯೂ ಈ ರೋಗದ ಮೇಲೆ ಬೆಳಕು ಬೀಳುತ್ತಿತ್ತು. ಗೈಸ್ ಆಸ್ಪತ್ರೆಯ ಶಸ್ತ್ರವೈದ್ಯ ರಸೆಲ್ ಬ್ರಾಕ್ 1957ರಲ್ಲಿ ಇಂಥ ತಡೆಯನ್ನು ವರ್ಣಿಸಿದ್ದರು. 1958ರಲ್ಲಿ ಡೊನಾಲ್ಡ್ ಟೀರ್ ಎಂಬ ವೈದ್ಯರು, ಗೋಡೆ ಹೀಗೆ ದಪ್ಪವಾಗಿದ್ದ ಎಂಟು ಮಂದಿಯ ವೃತ್ತಾಂತವನ್ನು ಪ್ರಕಟಿಸಿದರು. ಹೆಚ್ಚಿನವರು ಎಳೆಯ ಪ್ರಾಯದವರು. ಎಂಟರಲ್ಲಿ ಏಳು ಮಂದಿ ಹಠಾತ್ತಾಗಿ ಸತ್ತವರು. ಈ ರೋಗ ವಂಶದಲ್ಲಿ ಹರಿದು ಬರುವುದೆಂದೂ, ರೋಗಿಯ ಮಕ್ಕಳಲ್ಲಿ ಒಬ್ಬೊಬ್ಬರಿಗೂ ಅದು ಬರುವ ಸಂಭವ ಅರ್ಧಕ್ಕರ್ಧವೆಂದೂ ಈಗ ತಿಳಿದಿದೆ. ಐನೂರು ಜನರಲ್ಲಿ ಒಬ್ಬರಿಗೆ ಇದು ಇರಬಹುದೆಂದು ಎಣಿಕೆ. ಬಹಳ ಮಂದಿ ಅರಿಯದೆಯೇ ಅದರೊಡನೆ ಪೂರ್ಣಾಯುಷ್ಯ ಬಾಳುತ್ತಾರೆ.

ತಡೆಯ ಸ್ವರೂಪವೇನೋ ತಿಳಿಯಿತು. ತೆಗೆಯುವ ಬಗೆ ಹೇಗೆ? ಉಬ್ಬಿದ ಸ್ನಾಯುವನ್ನು ಕೆತ್ತಿ ಹಾಕಿದರಾಯಿತೆಂದು ಹೇಳುವುದು ಸುಲಭ. ಆದರೆ ಆ ಗೋಡೆ ಬರಿಯ ಗೋಡೆಯಲ್ಲ. ಹೃದಯದ ಲಯವನ್ನು ಒಯ್ಯುವ ತಂತಿಗಳು ಹಾಯ್ದುಹೋಗುವುದು ಅದರೊಳಗೇ.

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು. ಹೃದಯದ ಪ್ರತಿಯೊಂದು ಬಡಿತಕ್ಕೂ ಕಾರಣವಾದ ಸೂಕ್ಷ್ಮ ವಿದ್ಯುತ್ತು ಬಲ ಹೃತ್ಕರ್ಣದ ಮೇಲ್ತುದಿಯಲ್ಲಿ ಹುಟ್ಟುತ್ತದೆ. ಅಲ್ಲಿಂದ ಕೆಳಗಿಳಿದು, ಕರ್ಣ ಕುಕ್ಷಿಗಳ ನಡುವಣ ಒಂದು ಗಂಟಿನಲ್ಲಿ ಕ್ಷಣಮಾತ್ರ ತಡೆದು, ಒಂದು ಸಣ್ಣ ಕಟ್ಟಿನ ಮೂಲಕ ನಡುಗೋಡೆಯನ್ನು ಸೇರಿ, ಎಡ ಬಲ ಎಂಬ ಎರಡು ಕವಲುಗಳಾಗಿ ಹರಡುತ್ತದೆ. ಆ ಕಟ್ಟನ್ನು 1893ರಲ್ಲಿ ಮೊದಲು ಗುರುತಿಸಿದವರು ವಿಲ್ಹೆಲ್ಮ್ ಹಿಸ್. ನಡುವಣ ಗಂಟನ್ನು ಕಂಡುಹಿಡಿದು, ಇಡೀ ಜಾಲವನ್ನು ಬೇರಿನಿಂದ ತುದಿಯವರೆಗೆ 1906ರಲ್ಲಿ ಗ್ರಂಥವೊಂದರಲ್ಲಿ ಚಿತ್ರಿಸಿದವರು, ಜರ್ಮನಿಯ ಮಾರ್ಬುರ್ಗ್ ನಗರಕ್ಕೆ ಓದಲು ಹೋಗಿದ್ದ ಜಪಾನಿನ ಸುನಾವೊ ತವಾರಾ. ಎಡ ಕವಲು ಗೋಡೆಯ ಎಡಮುಖದ ಒಳಪೊರೆಯ ಕೆಳಗೆ, ಮಹಾಪಧಮನಿಯ ಕವಾಟಕ್ಕೆ ತೀರ ಸಮೀಪದಲ್ಲಿ ಹರಡಿಕೊಳ್ಳುತ್ತದೆ. ಸ್ನಾಯು ಉಬ್ಬಿ ದಾರಿ ಕಟ್ಟುವುದೂ ಸರಿಯಾಗಿ ಅಲ್ಲಿಯೇ.

ತಂತಿ ಕಡಿದರೆ ಆಗುವುದೇನು ಎಂಬುದು ಆಗಿನ ಶಸ್ತ್ರವೈದ್ಯರಿಗೆ ಚೆನ್ನಾಗಿ ತಿಳಿದಿತ್ತು. ಮಿನಿಯಾಪೊಲಿಸ್ ನಗರದಲ್ಲಿ ವಾಲ್ಟನ್ ಲಿಲ್ಲೆಹೈ ಅವರು ಮಕ್ಕಳ ಹೃದಯದ ಗೋಡೆಯಲ್ಲಿನ ರಂಧ್ರಗಳನ್ನು ಹೊಲಿಯುತ್ತಿದ್ದಾಗ, ಕೆಲವೊಮ್ಮೆ ಹೊಲಿಗೆಯ ದಾರ ಹಿಸ್ ಅವರ ಕಟ್ಟಿಗೆ ತಾಗಿ ಲಯ ಕಡಿದುಹೋಗುತ್ತಿತ್ತು. ಹೃತ್ಕರ್ಣಗಳದೇ ಒಂದು ಎಣಿಕೆ, ಹೃತ್ಕುಕ್ಷಿಗಳದೇ ಒಂದು ಎಣಿಕೆ. ಒಂದೇ ಪದ್ಯವನ್ನು ಇಬ್ಬರು ಗಮಕಿಗಳು ಬೇರೆ ಬೇರೆ ಕಾಲದಲ್ಲಿ ಹಾಡಿದಂತೆ. ಹೃದಯದಲ್ಲಾದರೋ ಅದು ಪ್ರಾಣದ ಪ್ರಶ್ನೆ. 1957ರ ಮೊದಲಿನಲ್ಲಿ ಹೃದಯಕ್ಕೆ ತಂತಿ ಹೊಲಿದು ಹೊರಗಿನ ಯಂತ್ರದಿಂದ ಬಡಿತ ಕೊಡುವ ಉಪಾಯ ಸಿದ್ಧವಾಯಿತು. ಆದರೆ ಆ ಯಂತ್ರ ಮನೆಯ ವಿದ್ಯುತ್ತಿಗೆ ಅಂಟಿಕೊಂಡಿತ್ತು. ಆ ವರ್ಷದ ಅಕ್ಟೋಬರ್ 31ರಂದು ನಗರದ ವಿದ್ಯುತ್ತು ನಿಂತಾಗ ಅದರ ಅಪಾಯ ಎಲ್ಲರಿಗೂ ಮನವರಿಕೆಯಾಯಿತು. ಅರ್ಲ್ ಬಾಕೆನ್ ಎಂಬ ತಂತ್ರಜ್ಞರು ಸಂಗೀತಗಾರರ ತಾಳಯಂತ್ರದ ನಕ್ಷೆಯನ್ನು ಮಾರ್ಪಡಿಸಿ, ಬ್ಯಾಟರಿಯಿಂದ ನಡೆಯುವ ಸಣ್ಣ ಪೆಟ್ಟಿಗೆಯೊಂದನ್ನು ಕೆಲವೇ ವಾರಗಳಲ್ಲಿ ಮಾಡಿಕೊಟ್ಟರು. ಮರುವರ್ಷ ಸ್ಟಾಕ್‌ಹೋಮಿನಲ್ಲಿ ಅಂಥ ಯಂತ್ರವನ್ನು ಮೊದಲ ಬಾರಿಗೆ ದೇಹದ ಒಳಗೇ ಇಟ್ಟರು. ಅಕ್ಕನ ಕೊರಳೆಲುಬಿನ ಕೆಳಗಿರುವ ಪುಟ್ಟ ಯಂತ್ರದ ಪೂರ್ವಜರು ಇವು. ಅವು ಹುಟ್ಟಿದ ಮೂಲವನ್ನು ನೋಡಿದರೆ, ಹೃದಯವನ್ನು ಗುಣಪಡಿಸಲು ಹೋದ ಕೈಗಳೇ ಅದರ ಲಯವನ್ನು ಕೆಡಿಸಿದ ನೋವು ಅಲ್ಲಿ ಕಾಣುತ್ತದೆ.

ಮಾರೋ ಶಸ್ತ್ರ ಹಿಡಿದದ್ದು ಇಂಥ ಗೋಡೆಯ ಮೇಲೆ. ಲಂಡನ್ನಿನಲ್ಲಿ ವಿಲಿಯಂ ಕ್ಲೆಲ್ಯಾಂಡ್ 1958ರಲ್ಲಿಯೇ ಉಬ್ಬಿದ ಸ್ನಾಯುವನ್ನು ಸ್ವಲ್ಪ ತೆಗೆದು ನೋಡಿದ್ದರು. 1960ರಲ್ಲಿ ಮಾರೋ ಮೊದಲು ಮಾಡಿದ್ದು ಸ್ನಾಯುವನ್ನು ಆಳವಾಗಿ ಸೀಳುವುದಷ್ಟನ್ನೇ. 1961ರಲ್ಲಿ ಬ್ರಾಕೆನ್‌ಬ್ರೋ ಎಂಬ ಸಹೋದ್ಯೋಗಿಯೊಡನೆ ಅದರ ಫಲವನ್ನು ಪ್ರಕಟಿಸಿದರು. ಅನುಭವ ಬೆಳೆದಂತೆ ವಿಧಾನವೂ ಬೆಳೆಯಿತು. ಮಹಾಪಧಮನಿಯನ್ನು ತೆರೆದು, ಕವಾಟದ ದಳಗಳನ್ನು ಬದಿಗೆ ಸರಿಸಿ, ಕೆಳಗಿನ ಉಬ್ಬಿನಲ್ಲಿ ಉದ್ದಕ್ಕೆ ಎರಡು ಸಮಾನಾಂತರ ಗೀರುಗಳನ್ನು ಹಾಕಿ, ನಡುವಣ ಸ್ನಾಯುವಿನ ಪಟ್ಟಿಯನ್ನು ಎತ್ತಿ ತೆಗೆಯುವುದು. ಗದ್ದೆಗೆ ನೀರು ಹಾಯಿಸಲು ಬದುವಿನಲ್ಲಿ ಕಾಲುವೆ ಕಡಿದಂತೆ, ಗೋಡೆಯಲ್ಲಿ ಒಂದು ತೋಡು ಏರ್ಪಡುತ್ತದೆ. ಗೀರು ಬಲಕ್ಕೆ ಹೆಚ್ಚಾಗಿ ಸರಿದರೆ ಹಿಸ್ ಅವರ ಕಟ್ಟೇ ಕಡಿಯುತ್ತದೆ. ತೀರ ಆಳವಾದರೆ ಗೋಡೆಯೇ ತೂತಾಗುತ್ತದೆ. ಅಂಜಿ ಮೇಲುಮೇಲಕ್ಕೆ ಕೆತ್ತಿದರೆ ತಡೆ ಹಾಗೆಯೇ ಉಳಿಯುತ್ತದೆ. ಇವುಗಳ ನಡುವಣ ಬೆರಳಗಲದ ಜಾಗದಲ್ಲಿ ಅವರ ಶಸ್ತ್ರ ಚಲಿಸಬೇಕಾಗಿತ್ತು.

ಮುಖ್ಯವಾದ ಕಟ್ಟು ಉಳಿದರೂ ಎಡ ಕವಲು ಬಹುಮಟ್ಟಿಗೆ ಉಳಿಯುತ್ತಿರಲಿಲ್ಲ. ತೆಗೆದ ಸ್ನಾಯುವಿನೊಡನೆ ಅದರ ಎಳೆಗಳೂ ಹೋಗುತ್ತಿದ್ದವು. ಶಸ್ತ್ರಕ್ರಿಯೆಯಾದ ಅನೇಕರ ವಿದ್ಯುಲ್ಲೇಖದಲ್ಲಿ ಆ ಗುರುತು ಶಾಶ್ವತವಾಗಿ ನಿಲ್ಲುತ್ತಿತ್ತು. ಬಲ ಕವಲು ಗಟ್ಟಿಯಾಗಿದ್ದವನಿಗೆ ಇದರಿಂದ ದೊಡ್ಡ ತೊಂದರೆಯಿಲ್ಲ. ಸುದ್ದಿ ಒಂದೇ ದಾರಿಯಿಂದ ಬಂದು ಹೃದಯದ ಎರಡೂ ಕಡೆಗಳನ್ನು ಮುಟ್ಟುತ್ತದೆ. ಬಲ ಕವಲು ಮೊದಲೇ ಕೆಟ್ಟಿದ್ದವನಿಗಾದರೋ ಎಡವೂ ಹೋದರೆ ಎರಡು ದಾರಿಗಳೂ ಮುಚ್ಚಿದಂತೆ. ಈ ವಾಕ್ಯದ ಬಳಿಗೆ ಬಂದಾಗ ನಾನು ಪುಸ್ತಕವನ್ನು ಕೆಳಗಿಟ್ಟೆ. ನಮ್ಮ ಅಕ್ಕನಿಗೆ ಆದದ್ದು ಇದೇ. ಶಸ್ತ್ರವೈದ್ಯರ ಕೈ ಜಾರಿರಲಿಲ್ಲ. ತೂಬನ್ನು ತೆರೆಯಬೇಕಾದರೆ ಅಲ್ಲಿಯೇ ಕೆತ್ತಬೇಕು. ಕೆತ್ತಿದರೆ ಎಡ ಕವಲು ಹೋಗುವುದು ಬಹುತೇಕ ನಿಶ್ಚಯ. ಬಲ ಕವಲು ಮೊದಲೇ ಇರಲಿಲ್ಲ. ಇದನ್ನು ಅವರು ಮುಂಚಿತವಾಗಿ ಬರೆದು ಕೊಟ್ಟಿದ್ದರು. ಜಾರಿದ್ದು ನನ್ನ ಕಣ್ಣು.

ಮಾರೋ ಅವರ ಕಾಲದಲ್ಲಿ ಈ ಶಸ್ತ್ರಕ್ರಿಯೆಯಿಂದ ಪ್ರಾಣ ಕಳೆದುಕೊಂಡವರೂ ಇದ್ದರು. ಅವರು ಅದನ್ನು ಮುಚ್ಚಿಡಲಿಲ್ಲ. 1975ರಲ್ಲಿ 83 ರೋಗಿಗಳ ವಿವರವನ್ನು ಪ್ರಕಟಿಸುವಾಗ, ಶಸ್ತ್ರಕ್ರಿಯೆಗೆ ಮೊದಲು ಮತ್ತು ಅನಂತರ ಹೃದಯದ ಒಳಗಿನ ಒತ್ತಡ ಎಷ್ಟಿತ್ತೆಂಬುದನ್ನು ಲೆಕ್ಕ ಕೊಟ್ಟು ತೋರಿಸಿದರು. 1978ರಲ್ಲಿ ತಮ್ಮ ವಿಧಾನವನ್ನು ಇತರರು ಅನುಸರಿಸಲು ಅನುಕೂಲವಾಗುವಂತೆ ಹೆಜ್ಜೆಹೆಜ್ಜೆಯಾಗಿ ಬರೆದಿಟ್ಟರು. ಈಗ ನುರಿತ ಕೇಂದ್ರಗಳಲ್ಲಿ ಇದರಿಂದ ಸಾಯುವವರು ನೂರಕ್ಕೆ ಒಬ್ಬರಿಗಿಂತಲೂ ಕಡಮೆ. ಮೊದಲು ತಂತಿಗಳೆಲ್ಲ ಸರಿಯಾಗಿದ್ದವರಲ್ಲಿ ಪೇಸ್‌ಮೇಕರ್ ಬೇಕಾಗುವವರೂ ನೂರಕ್ಕೆ ಕೆಲವರೇ. ಶಸ್ತ್ರಕ್ರಿಯೆಯಾದ ಮೊದಲ ದಿನಗಳಲ್ಲಿ ಹೃತ್ಕರ್ಣಗಳು ಅಡ್ಡಾದಿಡ್ಡಿಯಾಗಿ ಕಂಪಿಸುವುದು ಅನೇಕರಲ್ಲಿ ಕಂಡುಬಂದು, ಔಷಧದಿಂದ ಶಮನವಾಗುತ್ತದೆ.

ಶಸ್ತ್ರವಿಲ್ಲದ ದಾರಿಯೊಂದು ಮಾರೋ ಅವರ ಕಾಲಾನಂತರ ಬಂತು. 1994ರಲ್ಲಿ ಲಂಡನ್ನಿನಲ್ಲಿ ಉಲ್ರಿಖ್ ಸಿಗ್‌ವಾರ್ಟ್ ಅವರು, ನಡುಗೋಡೆಗೆ ನೆತ್ತರು ಕೊಡುವ ಸಣ್ಣ ನಾಳಕ್ಕೆ ನಳಿಕೆಯ ಮೂಲಕ ಒಂದೆರಡು ಮಿಲಿಲೀಟರಿನಷ್ಟು ಶುದ್ಧ ಮದ್ಯಸಾರವನ್ನು ಬಿಟ್ಟು, ಉಬ್ಬಿದ ಸ್ನಾಯುವನ್ನು ಇದ್ದಲ್ಲಿಯೇ ಬಾಡಿಸಿದರು. ಎದೆ ಸೀಳಬೇಕಾಗಿಲ್ಲ. ಆದರೆ ತಂತಿಗಳ ಗೋಜು ಇಲ್ಲಿಯೂ ತಪ್ಪಲಿಲ್ಲ. ಆ ನಾಳದಿಂದ ಪೋಷಣೆ ಪಡೆಯುವುದು ಬಲ ಕವಲು. ಆದಕಾರಣ ಇಲ್ಲಿ ಹೋಗುವುದು ಹೆಚ್ಚಾಗಿ ಬಲ ಕವಲೇ. ಎಡ ಕವಲು ಮೊದಲೇ ಕೆಟ್ಟವರಿಗೆ ಈ ಚಿಕಿತ್ಸೆಯಿಂದ ಅಪಾಯ. ಬಲ ಕವಲು ಕೆಟ್ಟವರಿಗೆ ಮಾರೋ ಅವರ ಶಸ್ತ್ರಕ್ರಿಯೆಯಿಂದ ಅಪಾಯ. ಮದ್ಯಸಾರದ ಚಿಕಿತ್ಸೆಯಾದವರಲ್ಲಿ ನೂರಕ್ಕೆ ಸುಮಾರು ಹತ್ತು ಮಂದಿಗೆ ಪೇಸ್‌ಮೇಕರ್ ಬೇಕಾಗುತ್ತದೆ. ಲಯ ಕಡಿಯುವುದು ಆ ದಿನವೇ ಆಗಬೇಕೆಂದಿಲ್ಲ, ಕೆಲವು ದಿನಗಳ ಮೇಲೆ ಆಗುವುದೂ ಉಂಟು. ಆದಕಾರಣವೇ ಅವರನ್ನು ಕೂಡಲೇ ಮನೆಗೆ ಕಳುಹಿಸದೆ ಕಾವಲಿನಲ್ಲಿ ಇಟ್ಟಿರುತ್ತಾರೆ. ಎರಡು ದಾರಿಗಳಲ್ಲಿ ಯಾವುದನ್ನು ಹಿಡಿದರೂ ಗೋಡೆಯೊಳಗಿನ ತಂತಿಗೆ ಸುಂಕ ಕಟ್ಟದೆ ಹೋಗುವಂತಿಲ್ಲ.

ಮಾರೋ ಅವರ ಬಾಳಿನ ಕೊನೆಯ ಸಂಗತಿಯನ್ನು ಓದಿದಾಗ ನನಗೆ ಆ ದಿನ ಪಾಠ ಹೇಳುವ ಮನಸ್ಸಾಗಲಿಲ್ಲ. ಇಷ್ಟೆಲ್ಲ ಜನರ ಹೃದಯದ ಗೋಡೆಯನ್ನು ಕಣ್ಣಾರೆ ಕಂಡು, ಕೈಯಾರೆ ಕೆತ್ತಿದ ಈ ಮನುಷ್ಯನ ಸ್ವಂತ ಹೃದಯದಲ್ಲಿ ಇದ್ದುದೂ ಅದೇ ರೋಗ. ಇಂಥ ಹೃದಯ ಯಾವಾಗ ಲಯ ತಪ್ಪೀತು, ತಪ್ಪಿದರೆ ಏನಾದೀತು ಎಂಬುದನ್ನು ಜಗತ್ತಿನಲ್ಲಿ ಅವರಷ್ಟು ಬಲ್ಲವರು ಕೆಲವರೇ. ಬಲ್ಲವರಾಗಿಯೇ ಅವರು ತಮ್ಮ ವಿಭಾಗವನ್ನು ಕೊನೆಯವರೆಗೂ ನಡೆಸಿದರು. ಅದರ ಮುಖ್ಯಸ್ಥರಾಗಿ ಮೂವತ್ತು ವರ್ಷ ತುಂಬುವುದರೊಳಗೆ, 1982ರಲ್ಲಿ, ಅರವತ್ತರ ಆಸುಪಾಸಿನ ವಯಸ್ಸಿನಲ್ಲಿ, ಅದೇ ರೋಗದಿಂದ ತೀರಿಕೊಂಡರು. ಲಯ ತಪ್ಪಿದ ಹೃದಯವನ್ನು ಒಳಗಿನಿಂದಲೇ ವಿದ್ಯುದಾಘಾತ ಕೊಟ್ಟು ದಾರಿಗೆ ತರುವ ಯಂತ್ರವನ್ನು ಮನುಷ್ಯನ ದೇಹದಲ್ಲಿ ಮೊದಲು ಇಟ್ಟದ್ದು 1980ರಲ್ಲಿ, ಮಾರೋ ವೈದ್ಯರಾಗಿ ಹೊರಬಂದ ಅದೇ ಜಾನ್ಸ್ ಹಾಪ್ಕಿನ್ಸ್ ವಿದ್ಯಾಪೀಠದ ಆಸ್ಪತ್ರೆಯಲ್ಲಿ. ಅದು ಈ ರೋಗದವರನ್ನು ಕಾಯುವ ರಕ್ಷೆಯಾಗಿ ಬಳಕೆಗೆ ಬರಲು ಇನ್ನೂ ಬಹಳ ವರ್ಷಗಳು ಬೇಕಾದವು.

ದೊಡ್ಡವರ ಬಾಳನ್ನು ಓದುವಾಗ ನಾವು ಗೆಲವುಗಳನ್ನು ಎಣಿಸುತ್ತೇವೆ. ಮಾರೋ ಅವರಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಅವರ ಲೆಕ್ಕದ ಪುಸ್ತಕ. ತೂಬು ತೆರೆದದ್ದನ್ನು ಬರೆದ ಹಾಳೆಯಲ್ಲಿಯೇ ತಂತಿ ಕಡಿದದ್ದನ್ನೂ ಬರೆದರು. ಬೆರಳಿಗೆ ತಡೆ ಸಿಗದಿದ್ದಾಗ ಸಿಗಲಿಲ್ಲವೆಂದೇ ಬರೆದರು. ಹೀಗೆ ಬರೆದದ್ದರಿಂದಲೇ ಮುಂದಿನವರಿಗೆ ಗೀರನ್ನು ಎಲ್ಲಿ ಹಾಕಬೇಕು, ಎಲ್ಲಿ ಹಾಕಬಾರದು ಎಂಬುದು ತಿಳಿಯಿತು. ಅಕ್ಕನಿಗೆ ಕೊಟ್ಟ ಹಾಳೆಯಲ್ಲಿ ಆ ಎಚ್ಚರಿಕೆಯ ಸಾಲು ಇದ್ದುದಕ್ಕೆ ಮೂಲಕಾರಣ, ಬೆಥೆಸ್ಡಾದಲ್ಲಿ ಮತ್ತು ಇತರ ಕಡೆಗಳಲ್ಲಿ ಅಂದು ಕೆಲವರು ತಮ್ಮ ಸೋಲನ್ನು ಬರೆದಿಟ್ಟದ್ದು. ಆ ಸಾಲು ಅಷ್ಟು ದೂರದಿಂದ ಅಷ್ಟು ವರ್ಷ ನಡೆದು ಬಂದು ನನ್ನ ಕೈಯಲ್ಲಿ ಇದ್ದಾಗ ನಾನು ಹಾಳೆ ಮಗುಚಿದೆ.

ಇದನ್ನು ಭಾವನವರಿಗೆ ಹೇಳುವುದು ಸುಲಭವಾಗಲಿಲ್ಲ. ಒಂದು ಭಾನುವಾರ ತೋಟದ ಮನೆಗೆ ಹೋಗಿ, ಜಗಲಿಯಲ್ಲಿ ಕುಳಿತು, ಎರಡನೆಯ ಹಾಳೆಯನ್ನು ಕನ್ನಡದಲ್ಲಿ ಓದಿ ಹೇಳಿದೆ. ನಾನು ಅಂದು ಓದಿರಲಿಲ್ಲವೆಂಬುದನ್ನೂ ಹೇಳಿದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, ಓದಿದ್ದರೂ ಶಸ್ತ್ರಚಿಕಿತ್ಸೆ ಮಾಡಿಸುತ್ತಲೇ ಇದ್ದೆವು, ಆದರೆ ಅವಳಿಗೆ ಮೊದಲೇ ತಿಳಿದಿರುತ್ತಿತ್ತು, ಎಂಬ ಅರ್ಥದ ಮಾತನ್ನಾಡಿ ತೋಟಕ್ಕೆ ಇಳಿದುಹೋದರು. ಆ ಮಾತಿನ ದ್ವಿತೀಯಾರ್ಧ ನನ್ನನ್ನು ಇನ್ನೂ ಬಿಟ್ಟಿಲ್ಲ. ಪ್ರಜ್ಞೆ ಬಂದಾಗ ಎದೆಯಿಂದ ಹೊರಟ ತಂತಿಗಳನ್ನು ಕಂಡು ಅಕ್ಕ ಬೆಚ್ಚಿದ್ದಳಂತೆ. ತಾನಿನ್ನು ಬದುಕುವುದಿಲ್ಲವೆಂದು ಆ ವಾರವೆಲ್ಲ ನಂಬಿದ್ದಳಂತೆ. ಅಷ್ಟು ಭಯವನ್ನು ನಾನು ತಪ್ಪಿಸಬಹುದಾಗಿತ್ತು.

ಆ ಹಾಳೆಗಳಲ್ಲಿ ಇನ್ನೂ ಒಂದು ಸಾಲಿತ್ತು. ರೋಗಿಯ ಮಕ್ಕಳೂ ಒಡಹುಟ್ಟಿದವರೂ ಹೃದಯದ ಪರೀಕ್ಷೆ ಮಾಡಿಸಿಕೊಳ್ಳಬೇಕೆಂದು. ಅಕ್ಕನ ಇಬ್ಬರು ಮಕ್ಕಳನ್ನು ಕೂಡಲೇ ಕಳುಹಿಸಿದೆ. ನಾನು ಮಾತ್ರ ಎರಡು ವರ್ಷ ಮುಂದೂಡುತ್ತ ಬಂದೆ. ಪರೀಕ್ಷೆಯ ಕೆಲಸ, ಮೌಲ್ಯಮಾಪನದ ಕೆಲಸ, ಹೀಗೆ ನೆಪಗಳಿಗೆ ಬರವಿರಲಿಲ್ಲ. ಮಾರೋ ತಮ್ಮ ಹೃದಯದ ಸ್ಥಿತಿಯನ್ನು ಬಲ್ಲವರಾಗಿ ಬಾಳಿದರು. ನಾನು ಬಲ್ಲೆನೆಂಬ ಭಯಕ್ಕೇ ಹಿಂಜರಿಯುತ್ತಿದ್ದೆ. 2023ರಲ್ಲಿ ಹೋಗಿ ಮಲಗಿದೆ. ತಣ್ಣಗಿನ ಲೇಪ ಹಚ್ಚಿ ಯಂತ್ರವನ್ನು ಎದೆಯ ಮೇಲೆ ಆಡಿಸಿದಾಗ ಪರದೆಯ ಮೇಲೆ ನನ್ನ ಹೃದಯದ ಗೋಡೆ ಕಾಣಿಸಿತು. ಈಗ ಅದರ ದಪ್ಪ ಸಹಜವಾಗಿದೆಯಂತೆ. ಆದರೂ ಕೆಲವು ವರ್ಷಗಳಿಗೊಮ್ಮೆ ಮತ್ತೆ ನೋಡಬೇಕಂತೆ.

ಅಕ್ಕ ಈಗ ತೋಟದ ಏರನ್ನು ನಿಲ್ಲದೆ ಹತ್ತುತ್ತಾಳೆ. ವರ್ಷಕ್ಕೆರಡು ಸಲ ಯಂತ್ರದ ತಪಾಸಣೆಗೆ ಅವಳ ಜೊತೆಯಲ್ಲಿ ನಾನು ಬೆಂಗಳೂರಿಗೆ ಹೋಗುತ್ತೇನೆ. ಅವರು ಕೊಡುವ ಹಾಳೆಯನ್ನು ಹೊರಗಿನ ಬೆಂಚಿನ ಮೇಲೆ ಕುಳಿತು, ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ, ಕನ್ನಡದಲ್ಲಿ ಅವಳಿಗೆ ಓದಿ ಹೇಳುತ್ತೇನೆ. ಬ್ಯಾಟರಿ ಇನ್ನೆಷ್ಟು ವರ್ಷ ಬಾಳುತ್ತದೆ ಎಂಬ ಸಾಲು ಬಂದಾಗ ಮಾತ್ರ ಅವಳು ಅದನ್ನು ಎರಡು ಸಲ ಓದಿಸುತ್ತಾಳೆ.